ಒಂದೇ ಚೀಲದ ಎರಡು ಡಬ್ಬಿ

ಆ ಬೀದಿಯಲ್ಲಿ ಅವರನ್ನು ಸ್ವಂತ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕಸುಬು, ಆಳು ನೋಡಿದರೆ ದಬ್ಬಳಕ್ಕೆ ಅಂಗಿ ತೊಡಿಸಿದ ಹಾಗೆ, ಹೀಗಾಗಿ ಸೂಜಿಯಪ್ಪ. ಹೆಂಡತಿ ಮೈಕೈ ತುಂಬಿಕೊಂಡ ಹೆಂಗಸು, ಮಾತಿಗೆ ಶುರುವಿಟ್ಟರೆ ಕೊನೆ ಸಿಗುತ್ತಿರಲಿಲ್ಲ, ಅದಕ್ಕೆ ಆಕೆ ದಾರದಮ್ಮ. ಹೆಸರುಗಳ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ಆದರೆ ಗಂಡ ಒಣಗಿಕೊಂಡಿರುವುದಕ್ಕೆ ಜನ ತನ್ನ ಕಡೆ ಬೆರಳು ತೋರಿಸುತ್ತಾರಲ್ಲ ಎಂಬ ಸಂಕಟ ದಾರದಮ್ಮನಿಗಿತ್ತು. "ಏನಮ್ಮಾ, ಯಜಮಾನರ ಹೊಟ್ಟೆಗೆ ಏನಾದ್ರೂ ಹಾಕ್ತೀಯೋ ಇಲ್ವೋ" ಎಂದು ಮೂವತ್ತೊಂದು ವರ್ಷದಿಂದ ಕೇಳಿಸಿಕೊಂಡು ಬಂದವಳು ಅವಳು. ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾಗುವುದಕ್ಕೆ ಸೂಜಿಯಪ್ಪನಿಗೆ ಐವತ್ತೆಂಟು ತುಂಬಬೇಕಾಯಿತು. ಅಲ್ಲಿಯವರೆಗೆ ಹೊಟ್ಟೆಯುಬ್ಬರವನ್ನು ಗ್ಯಾಸು ಅಂದರು, ಬಾಯಿಹುಣ್ಣನ್ನು ಉಷ್ಣ ಅಂದರು, ಪಾದ ಜೋಮು ಹಿಡಿಯುವುದನ್ನು ಕೂತು ಮಾಡುವ ಕೆಲಸದ ತಲೆಗೆ ಕಟ್ಟಿದರು. ಬೆಳಗ್ಗೆ ಬ್ರೆಡ್ ತಿಂದ ದಿನ ಹತ್ತು ಗಂಟೆಯೊಳಗೆ ನಾಲ್ಕು ಸಲ ಓಡುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ಅದು ಹೇಳಿಕೊಳ್ಳುವ ವಿಷಯವೇ ಅಲ್ಲವೆಂದು ಅವರ ಅಭಿಪ್ರಾಯ. ಕೊನೆಗೆ ಒಂದು ದಿನ ಅಂಗಡಿಯಲ್ಲಿ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿನ ಹಿಡಿ ತಿರುಗಿಸುತ್ತಿದ್ದವರು ಹಾಗೇ ಅದರ ಮೇಲೆ ಕುಸಿದರು. ಪಕ್ಕದ ಬೇಕರಿಯವನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ. ಎತ್ತಿಕೊಳ್ಳುವುದು ಕಷ್ಟವೇನೂ ಆಗಲಿಲ್ಲ ಎಂದು ಆಮೇಲೆ ಹೇಳಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿಯ ಮೂಲಕ ನಳಿಗೆ ಇಳಿಸಿ ಕರುಳಿನ ಒಳಗೆಲ್ಲ ನೋಡಿ ಬಂದು ದಾರದಮ್ಮನನ್ನು ಕೂರಿಸಿಕೊಂಡು ಹೇಳಿದಳು. "ನೋಡಿ ಅಮ್ಮಾ, ಕರುಳಿನ ಒಳಮೈ ಹೊಸ ಟವೆಲ್ ಥರ ಎಳೆ ಎಳೆಯಾಗಿರಬೇಕು. ಆ ಎಳೆಗಳೇ ಊಟದ ಸತ್ವ ಹೀರಿಕೊಳ್ಳೋದು. ನಿಮ್ಮವರದು ಸವೆದುಹೋದ ಟವೆಲ್. ಗೋಧಿ, ಬಾರ್ಲಿ, ಇಂಥದರಲ್ಲಿ ಗ್ಲುಟನ್ ಅಂತ ಒಂದಿರುತ್ತೆ. ಅದು ಇವರಿಗೆ ಆಗಲ್ಲ. ಇನ್ನು ಜೀವಮಾನ ಪೂರ್ತಿ ಬಿಡಬೇಕು. ಒಂದು ಚೂರು ಬ್ರೆಡ್ಡಿನ ಪುಡಿ ಬಿದ್ರೂ ಸಾಕು, ಮತ್ತೆ ಸವೆಯುತ್ತೆ."

ಬೇರೆಯವರಾಗಿದ್ದರೆ ಅತ್ತಿರುತ್ತಿದ್ದರು. ದಾರದಮ್ಮನಿಗೆ ಮೊದಲು ಆದದ್ದು ಸಮಾಧಾನ. ತಾನು ಬಡಿಸಿದ್ದು ಕಡಿಮೆಯಾಗಿರಲಿಲ್ಲ ಎಂದು ದೊಡ್ಡ ಆಸ್ಪತ್ರೆಯೇ ಹೇಳಿತಲ್ಲ. ಎರಡನೆಯದಾಗಿ ಬಂದದ್ದು ರೋಷ. ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದಳು. ಗೋಧಿ ಹಿಟ್ಟು, ರವೆ, ಸೇವಿಗೆ, ಬಿಸ್ಕತ್ತು ಎಲ್ಲ ಹೊರಗೆ. ಹಳೆಯ ಮರದ ಸೌಟು ಹೊರಗೆ, ಅದರ ಬಿರುಕಿನಲ್ಲಿ ಏನಿದೆಯೋ ಯಾರಿಗೆ ಗೊತ್ತು. ಜರಡಿ ಹೊರಗೆ. ಡಬ್ಬಿಗಳನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದಳು. ಅಂಗಡಿಯಿಂದ ಏನೇ ತಂದರೂ ಪೊಟ್ಟಣದ ಹಿಂದಿನ ಇರುವೆಯಂಥ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಇಂಗಿನ ಡಬ್ಬಿಯಲ್ಲೂ ಗೋಧಿ ಬೆರೆಸುತ್ತಾರೆಂದು ಓದಿದ ದಿನ ಅದನ್ನು ಹಿತ್ತಲಿಗೆ ಎಸೆದು ಕೈ ತೊಳೆದುಕೊಂಡಳು. ಇಷ್ಟೆಲ್ಲ ಗಂಡನಿಗೆ ಮಾತ್ರ ಯಾಕೆ, ತನಗೂ ಬೇಡವೆಂದು ಗೋಧಿಯನ್ನೇ ಬಿಟ್ಟಳು. ಬನ್ನು ಕಂಡರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅವಳು, ಇದನ್ನು ಸುಮ್ಮನೆ ಹೇಳುತ್ತಿಲ್ಲ.

ಸೂಜಿಯಪ್ಪ ಎರಡೂವರೆ ತಿಂಗಳು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಮಲಗಿದರು, ಆಮೇಲೆ ಕೂತರು, ಆಮೇಲೆ ಅಂಗಳದಲ್ಲಿ ಓಡಾಡಿದರು. ಅನ್ನ, ಬೇಳೆ, ತರಕಾರಿ, ಮೊಟ್ಟೆ, ಹಣ್ಣು ಹಾಕಿ ಹಾಕಿ ಅವಳು ಅವರ ಕೆನ್ನೆಗೆ ಕೆನ್ನೆ ಎಂಬ ರೂಪ ತಂದಳು. ತೂಕ ನಾಲ್ಕು ಕಿಲೋ ಏರಿತು. ರಕ್ತದಲ್ಲಿ ಇಪ್ಪತ್ತರೊಳಗೆ ಇರಬೇಕಾದ ಒಂದು ಅಂಕಿ ನೂರ ಎಂಬತ್ತಿದ್ದದ್ದು ಎಪ್ಪತ್ತಕ್ಕೆ ಇಳಿಯಿತು. ಡಾಕ್ಟರು ಅವಳ ಬೆನ್ನು ತಟ್ಟಿದಳು. "ಇನ್ನು ಇವರ ಹೆಸರು ಬದಲಾಯಿಸಬೇಕಾಗುತ್ತೆ" ಎಂದು ದಾರದಮ್ಮ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಂಗಡಿ ಮತ್ತೆ ತೆರೆಯಿತು. ಅಂಗಡಿ ಎಂದರೆ ಅಂಟು ಬೇಕು, ಅಂಟು ಎಂದರೆ ದಾರದಮ್ಮ. ಮದುವೆಯಾದ ಎರಡನೇ ತಿಂಗಳಲ್ಲೇ ಗಂಡ ಕಾಯಿಸಿದ ಅಂಟಿನ ಗಂಟುಗಳನ್ನು ನೋಡಲಾರದೆ ಆ ಕೆಲಸವನ್ನು ಕಿತ್ತುಕೊಂಡವಳು ಅವಳು. ಮೈದಾವನ್ನು ಮೊದಲು ತಣ್ಣೀರಲ್ಲಿ ಕದಡಬೇಕು, ಹುಳ ಹಿಡಿಯದಿರಲು ಚಿಟಿಕೆ ಪಟಿಕ ಹಾಕಬೇಕು, ಸಣ್ಣ ಉರಿಯಲ್ಲಿ ಒಂದೇ ದಿಕ್ಕಿಗೆ ಕೈಯಾಡಿಸುತ್ತ ಹೊಳಪು ಬರುವವರೆಗೆ ಕಾಯಿಸಬೇಕು. ಪಟಿಕ ಹೆಚ್ಚಾದರೆ ಬಟ್ಟೆಯ ಬಣ್ಣ ಹೋಗುತ್ತದೆಂದು ನಾಲಿಗೆಯ ತುದಿಗೆ ಮುಟ್ಟಿಸಿ ಒಗರು ಅಳೆಯುವ ಮಟ್ಟಿಗೆ ಅವಳಿಗೆ ಆ ಅಂಟು ಪರಿಚಿತ. ಊರಿನ ಲೈಬ್ರರಿಯಲ್ಲಿ, ಕಚೇರಿಗಳಲ್ಲಿ, ಶಾಲೆಯ ಹಾಜರಿ ಪುಸ್ತಕಗಳಲ್ಲಿ ಮೂವತ್ತು ವರ್ಷದ ಅವಳ ಅಂಟು ಗಟ್ಟಿಯಾಗಿ ಕೂತಿತ್ತು. ಈ ಸಲ ಅವಳು ಒಂದು ಬುದ್ಧಿವಂತಿಕೆ ಮಾಡಿದಳು. ಅಡುಗೆಮನೆಯೊಳಗೆ ಮೈದಾ ಕಾಲಿಡಬಾರದೆಂದು ಅಂಟಿನ ಒಲೆಯನ್ನು ಹಿತ್ತಲ ಜಗಲಿಗೆ ಸಾಗಿಸಿದಳು. ಅಂಟು ಕಾಯಿಸಿ ಡಬ್ಬಿಗೆ ತುಂಬಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಸೀರೆ ಬದಲಾಯಿಸಿ, ಆಮೇಲೆ ಅಡುಗೆಗೆ ಇಳಿಯುತ್ತಿದ್ದಳು. ಊಟದ ಡಬ್ಬಿಗೆ ಎರಡು ಸುತ್ತು ಬಟ್ಟೆ ಸುತ್ತಿ, ಅಂಟಿನ ಡಬ್ಬಿಯ ಪಕ್ಕದಲ್ಲಿ ತಾಕದ ಹಾಗೆ ಚೀಲದಲ್ಲಿಟ್ಟು, ಗಂಡನ ಕೈಗೆ ಕೊಟ್ಟು, ಗೇಟಿನವರೆಗೆ ಬಂದು ಕಳಿಸುತ್ತಿದ್ದಳು. ಇಷ್ಟು ಜಾಗ್ರತೆ ಯಾವ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಎರಡನೇ ತಿಂಗಳಿಗೆ ಕೆನ್ನೆ ಮತ್ತೆ ಇಳಿಯತೊಡಗಿತು.

ಅವರು ಹೇಳಲಿಲ್ಲ, ಅವಳೇ ಕಂಡುಕೊಂಡಳು. ಬೆಲ್ಟು ಒಂದು ತೂತು ಹಿಂದಕ್ಕೆ ಹೋಯಿತು. ಅಂಗಿ ತೊಡುವಾಗ ಮಧ್ಯದಲ್ಲಿ ಮಂಚದ ಅಂಚಿಗೆ ಕೂತು ಉಸಿರು ತೆಗೆದುಕೊಳ್ಳುವುದು ಶುರುವಾಯಿತು. ಕಕ್ಕಸಿಗೆ ಹೋದರೆ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದರು, ಅವಳಿಗೆ ಕೇಳಿಸಬಾರದೆಂದು. ನಲ್ಲಿಯ ಶಬ್ದ ಕೇಳಿಸಿದಾಗೆಲ್ಲ ದಾರದಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಲ್ಲೇ ನಿಲ್ಲುತ್ತಿದ್ದಳು. ಮತ್ತೆ ಪೊಟ್ಟಣಗಳನ್ನೆಲ್ಲ ತೆಗೆದು ಓದಿದಳು. ಮತ್ತೆ ಡಬ್ಬಿಗಳನ್ನು ಕುದಿಸಿದಳು. ಅವಳ ಅಡುಗೆಮನೆಯಲ್ಲಿ ತಪ್ಪು ಸಿಗಲಿಲ್ಲ.

ನಾಲ್ಕು ತಿಂಗಳಿಗೆ ಪರೀಕ್ಷೆಗೆ ರಕ್ತ ಕೊಟ್ಟರು. ಎಪ್ಪತ್ತಕ್ಕಿಳಿದ ಅಂಕಿ ನೂರ ನಲವತ್ತಕ್ಕೆ ಏರಿತ್ತು. ಡಾಕ್ಟರು ಕಾಗದ ನೋಡಿ, ಸೂಜಿಯಪ್ಪನನ್ನು ನೋಡಿ, ಕೊನೆಗೆ ಹೆಂಡತಿಯ ಕಡೆ ತಿರುಗಿದಳು.

"ಮನೇಲಿ ಸರಿಯಾಗಿ ನಡೀತಿದೆ ಅಂತೀರಿ. ಹಾಗಾದ್ರೆ ಹೊರಗೆ ಏನಾದ್ರೂ ತಿಂತಾರಾ?"

ಇಲ್ಲ ಎನ್ನಬಹುದಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ಅವಳಿಗೆ ಹೇಳಿದ ಸುಳ್ಳು ಒಂದೇ ಒಂದು. ಮದುವೆಯಾದ ಹೊಸತರಲ್ಲಿ ಅವಳು ಉಪ್ಪು ಎರಡು ಸಲ ಹಾಕಿದ ಅಡುಗೆಯನ್ನು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಿದ್ದರು. ಅದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಆದರೆ ಅಂಗಡಿಯ ಪಕ್ಕದ ಗೋಡೆಗೇ ಬೇಕರಿ, ಮನೆಯಲ್ಲಿದ್ದಷ್ಟು ದಿನ ಚೆನ್ನಾಗಿದ್ದವರು ಅಂಗಡಿಗೆ ಹೋದ ಮೇಲೆ ಕೆಟ್ಟರು. ಎರಡನ್ನೂ ಕೂಡಿಸಿದರೆ ಯಾರಿಗಾದರೂ ಏನು ಅನ್ನಿಸೀತು.

"ಅವರನ್ನೇ ಕೇಳಿ ಡಾಕ್ಟ್ರೇ" ಎಂದಳು.

ಸೂಜಿಯಪ್ಪ ಹೆಂಡತಿಯ ಮುಖ ನೋಡಿದರು. "ಇಲ್ಲಮ್ಮ, ಏನೂ ತಿಂದಿಲ್ಲ" ಎಂದು ಡಾಕ್ಟರಿಗೆ ಹೇಳಿದರು. ಡಾಕ್ಟರು ತಲೆಯಾಡಿಸುತ್ತ ಫೈಲಿನಲ್ಲಿ ಒಂದು ಸಾಲು ಬರೆದು ಅವರ ಕೈಗೆ ಕೊಟ್ಟಳು. ಅವರು ಹೆಬ್ಬೆರಳನ್ನು ನಾಲಿಗೆಗೆ ತಾಕಿಸಿ ಹಾಳೆ ತಿರುವಿದರು. ಕಾಗದ ಯಾವುದೇ ಇರಲಿ, ಮದುವೆಯ ಪತ್ರಿಕೆಯಿಂದ ಹಿಡಿದು ವಿದ್ಯುತ್ ಬಿಲ್ಲಿನವರೆಗೆ, ಎಂಜಲು ಮುಟ್ಟಿಸದೆ ತಿರುವಿದವರಲ್ಲ. ನಾಲ್ಕು ಜನರ ಎದುರಿಗೆ ಹೀಗೆ ಮಾಡಬೇಡಿ ಎಂದು ಹೇಳಿ ಹೇಳಿ ಅವಳೇ ಸೋತಿದ್ದಳು. ಬರೆದಿದ್ದ ಸಾಲು ಅವಳಿಗೂ ಕಂಡಿತು: ಹೊರಗೆ ತಿನ್ನುತ್ತಿರಬಹುದು. ಕಾಗದದಲ್ಲಿ ಬಂದದ್ದಕ್ಕೆ ಬಹಳ ಬೆಲೆ ಕೊಡುವ ಮನುಷ್ಯ, ಅದನ್ನು ಎರಡು ಸಲ ಓದಿ ಫೈಲು ಮುಚ್ಚಿದರು.

ಬಸ್ಸು ಹಿಡಿದು ವಾಪಸಾದರು. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಅವಳ ಕಟ್ಟೆ ಒಡೆಯಿತು.

"ಮೂವತ್ತು ವರ್ಷ ಊರ ಬಾಯಲ್ಲಿ ನಾನು ಕೆಟ್ಟವಳಾದೆ. ಈಗ ನೀವು ಬನ್ನು ತಿಂದು ಬಂದು ನನ್ನ ಅಡುಗೆ ಮೇಲೆ ಹಾಕ್ತೀರಾ?"

"ನಾನೇನೂ ತಿಂದಿಲ್ಲ ಕಣೇ."

"ಹಾಗಾದ್ರೆ ನಾನೇ ಡಬ್ಬಿಗೆ ವಿಷ ಹಾಕಿ ಕಳಿಸ್ತಿದ್ದೀನಾ? ಎರಡರಲ್ಲಿ ಒಂದು ತಾನೇ. ಹೇಳಿ."

ಅವರು ಕೈಕಾಲು ತೊಳೆದುಕೊಂಡು ಬಂದು, ಬಡಿಸಿದ್ದನ್ನು ಉಂಡು, ತಟ್ಟೆ ತಾವೇ ತೊಳೆದಿಟ್ಟರು. ಅವರು ಜಗಳವಾಡಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಹದಿನೈದು ದಿನ ಹೀಗೇ ನಡೆಯಿತು. "ಡಬ್ಬಿ ತಗೊಳ್ಳಿ", "ಹ್ಞೂಂ", "ಬಾಗಿಲು ಹಾಕ್ಕೋ", ಇಷ್ಟು ಬಿಟ್ಟರೆ ದಾರದಮ್ಮನ ಮನೆಯಲ್ಲಿ ಮಾತೇ ಇಲ್ಲ. ಅವಳಿಗೆ ಅದು ಹಸಿವಿಗಿಂತ ಕಷ್ಟ. ಅವರಂತೂ ದಿನದಿನಕ್ಕೆ ಕರಗುತ್ತಿದ್ದರು. ಅವರು ಸುಳ್ಳು ಹೇಳುತ್ತಿದ್ದಾರೆಂದುಕೊಂಡರೆ ಗಂಡ ಕೈಬಿಟ್ಟುಹೋದ ಹಾಗೆ, ನಿಜ ಹೇಳುತ್ತಿದ್ದಾರೆಂದುಕೊಂಡರೆ ತನ್ನ ಕೈಯೇ ಅವರನ್ನು ಕೊಲ್ಲುತ್ತಿರುವ ಹಾಗೆ. ಯಾವುದಾದರೂ ಒಂದು ಇತ್ಯರ್ಥವಾಗಲಿ ಎಂದು ಹದಿನಾರನೇ ದಿನ ಮಧ್ಯಾಹ್ನದ ಮಾತ್ರೆಯನ್ನು ಬೇಕೆಂದೇ ಚೀಲಕ್ಕೆ ಹಾಕದೆ ಉಳಿಸಿಕೊಂಡು, ಅದನ್ನು ಕೊಡುವ ನೆಪದಲ್ಲಿ ಹನ್ನೊಂದು ಗಂಟೆಗೆ ಅಂಗಡಿಗೆ ಹೊರಟಳು.

ಮೊದಲು ನಿಂತದ್ದು ಬೇಕರಿಯ ಮುಂದೆ. ಬೇಕರಿಯವನು ತಟ್ಟೆ ಜೋಡಿಸುತ್ತಿದ್ದ.

"ನಿಜ ಹೇಳಪ್ಪ. ನಮ್ಮವರು ಇಲ್ಲಿಗೆ ಬರ್ತಾರಾ?"

"ಬರ್ತಾರಕ್ಕ, ದಿನಾ ಬರ್ತಾರೆ."

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಬಂದು?"

"ಸಂಜೆ ಬನ್ನಿನ ತಟ್ಟೆ ಒಲೆಯಿಂದ ತೆಗೆಯೋ ಹೊತ್ತಿಗೆ ಬಂದು ಅಗೋ ಅಲ್ಲಿ ನಿಂತ್ಕೊಂಡು ವಾಸನೆ ತಗೊಂಡು ಹೋಗ್ತಾರೆ. ವಾಸನೆಗೆ ಎಷ್ಟು ಕಾಸು ಅಂತ ಕೇಳಲಿ ಅಕ್ಕ. ಒಂದು ಚೂರು ಮುಟ್ಟಿದ್ದು ನಾನು ನೋಡಿಲ್ಲ." ಆಮೇಲೆ ಬಾಯಿತಪ್ಪಿ, "ಅಂದ ಹಾಗೆ ನಿನ್ನೆಯ ಬದನೆಕಾಯಿ ಬಹಳ ಚೆನ್ನಾಗಿತ್ತು" ಎಂದವನು ನಾಲಿಗೆ ಕಚ್ಚಿಕೊಂಡು ಒಳಗೆ ನೋಡಿದ.

ತನ್ನ ಬದನೆಕಾಯಿ ಇವನ ಬಾಯಿಗೆ ಹೇಗೆ ಹೋಯಿತೆಂದು ಕೇಳುವ ಮೊದಲೇ ಅವನು ಅಂಗಡಿಯ ಬೀಗದ ಕೈ ಅವಳ ಕೈಗೆ ಹಾಕಿದ. ಯಜಮಾನರು ಕಟ್ಟಿದ ಪುಸ್ತಕಗಳನ್ನು ಲೈಬ್ರರಿಗೆ ಕೊಡಲು ಹೋಗಿದ್ದಾರೆ, ಅರ್ಧ ಗಂಟೆಯಲ್ಲಿ ಬರುತ್ತಾರೆ ಎಂದ.

ಬಾಗಿಲು ತೆಗೆದು ಒಳಗೆ ಹೋದರೆ ರಟ್ಟಿನ, ಬಟ್ಟೆಯ, ಹಳೆಯ ಕಾಗದದ ಅದೇ ವಾಸನೆ. ಮೇಜಿನ ಮೇಲೆ ಹೊಲಿದಿಟ್ಟ ಹಾಳೆಗಳ ಕಂತೆಗಳು, ಅವಳ ಅಂಟಿನ ಡಬ್ಬಿ, ಅದರೊಳಗೆ ನಿಂತ ಬ್ರಷ್ಷು. ಊಟದ ಡಬ್ಬಿ ಬಿಚ್ಚದೆ ಮೂಲೆಯಲ್ಲಿತ್ತು. ದಾರದಮ್ಮ ಕಳ್ಳಿಯ ಹಾಗೆ ಕಪಾಟು ತಡಕಿದಳು, ರಟ್ಟಿನ ಕಟ್ಟಿನ ಹಿಂದೆ ಕೈ ಹಾಕಿದಳು. ಒಂದು ಬಿಸ್ಕತ್ತಿನ ಕಾಗದ ಸಿಕ್ಕಿದ್ದರೆ ಸಾಕಿತ್ತು, ಅವಳು ಅದನ್ನು ಹಿಡಿದುಕೊಂಡು ಅತ್ತು ಕರೆದು ಗಲಾಟೆ ಮಾಡಿ, ಕೊನೆಗೆ ಕ್ಷಮಿಸಿಬಿಡುತ್ತಿದ್ದಳು. ಮೇಜಿನ ಸೆಳೆಖಾನೆ ಎಳೆದಳು. ಸೂಜಿ, ದಾರದುಂಡೆ, ಮೇಣದ ತುಂಡು, ಅವುಗಳ ಕೆಳಗೆ ಹಸಿರು ಬಟ್ಟೆಯ ರಟ್ಟಿನ ಒಂದು ಪುಟ್ಟ ಪುಸ್ತಕ. ಅವರೇ ಹೊಲಿದು ಕಟ್ಟಿದ್ದು, ಮೂಲೆಗಳು ಅಷ್ಟು ಅಚ್ಚುಕಟ್ಟು.

ತೆಗೆದು ನೋಡಿದರೆ ಮೊದಲ ಪುಟದಲ್ಲಿ ಹದಿನೈದು ದಿನದ ಹಿಂದಿನ ತಾರೀಕು.

"ಇವತ್ತು ಅವಳು ನಂಬಲಿಲ್ಲ. ತಪ್ಪು ಅವಳದಲ್ಲ, ಅಂಕಿ ಏರಿದೆ. ಬಾಯಿಗೆ ಹೋದದ್ದನ್ನೆಲ್ಲ ಇನ್ನು ಮುಂದೆ ಬರೆದಿಡುತ್ತೇನೆ. ಪುಸ್ತಕ ತುಂಬಿದ ಮೇಲೆ ಅವಳ ಕೈಗೆ ಕೊಡುವುದು."

ಮುಂದಿನ ಪುಟ. "ಬೆಳಗ್ಗೆ ಮನೆಯ ಊಟ. ಅಂಗಡಿಯಲ್ಲಿ ನೀರು, ಎರಡು ಲೋಟ. ಮಧ್ಯಾಹ್ನ ಅವಳು ಕಟ್ಟಿದ್ದು, ಎಲ್ಲ. ಹುಣಸೆ ಸ್ವಲ್ಪ ಮುಂದಾಗಿತ್ತು, ಹೇಳುವ ಸಮಯವಲ್ಲ. ಸಂಜೆ ಬೇಕರಿಯ ಹತ್ತಿರ ನಿಂತೆ. ತಿನ್ನಲಿಲ್ಲ. ವಾಸನೆಯೂ ಲೆಕ್ಕಕ್ಕೆ ಬರುತ್ತದೆಯೇ? ಡಾಕ್ಟರನ್ನು ಕೇಳಬೇಕು."

ಅವಳಿಗೆ ನಗು ಬಂತು. ಹಾಳೆಯ ಮೂಲೆ ಗಟ್ಟಿಯಾಗಿ ಮುಂದಿನದಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ತಿರುವಿದಳು.

"ಇಂದಿನಿಂದ ಮಧ್ಯಾಹ್ನ ಅರ್ಧ ಊಟ. ಏನು ಆಗುತ್ತಿಲ್ಲವೋ ನೋಡೋಣ. ಡಬ್ಬಿ ಖಾಲಿ ಮಾಡಿ ಒಯ್ಯಬೇಕು, ಇಲ್ಲದಿದ್ದರೆ ಅವಳು ನೊಂದುಕೊಳ್ಳುತ್ತಾಳೆ. ಉಳಿದದ್ದು ಬೇಕರಿಯವನಿಗೆ."

ಬದನೆಕಾಯಿಯ ದಾರಿ ಗೊತ್ತಾಯಿತು. ಅವಳ ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡು, ಬರೆದಿದ್ದ ಕೊನೆಯ ಪುಟಕ್ಕೆ ಬಂದಳು. ಅದು ನಿನ್ನೆಯದು.

"ನಿದ್ದೆಯಲ್ಲಿ ಎದ್ದುಹೋಗಿ ಏನಾದರೂ ತಿನ್ನುತ್ತೇನೆಯೇ? ಹಾಗೂ ಆಗುವುದುಂಟಂತೆ. ಅವಳನ್ನು ಕೇಳಿದರೆ ಗೊತ್ತಾಗುತ್ತದೆ. ಕೇಳುವುದಕ್ಕೆ ಬಾಯಿ ಬರುತ್ತಿಲ್ಲ. ನನಗೇ ಈಗ ನನ್ನ ಮೇಲೆ ಅನುಮಾನ."

ದಾರದಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಂಥ ಮನುಷ್ಯನನ್ನು ತಾನು ಎಲ್ಲಿಗೆ ತಂದು ನಿಲ್ಲಿಸಿದೆ. ಇನ್ನೇನಾದರೂ ಬರೆದಿದ್ದಾರೋ ಎಂದು ಮುಂದಿನ ಹಾಳೆ ತಿರುವಲು ನೋಡಿದಳು, ಅದೂ ಅಂಟಿತ್ತು. ಅಷ್ಟು ವರ್ಷ ಬೈದು ಬೈದು ಸಾಕಾಗಿದ್ದ ಕೆಲಸವನ್ನು ಈಗ ಅವಳೇ ಮಾಡಿದಳು. ಹೆಬ್ಬೆರಳನ್ನು ನಾಲಿಗೆಗೆ ತಾಕಿಸಿದಳು, ಹಾಳೆಯ ಮೂಲೆಯನ್ನು ಉಜ್ಜಿದಳು, ಬಿಡಲಿಲ್ಲವೆಂದು ಮತ್ತೊಮ್ಮೆ ಬೆರಳನ್ನು ನಾಲಿಗೆಗೆ ಒಯ್ದಳು.

ನಾಲಿಗೆಯ ತುದಿಯಲ್ಲಿ ಒಗರು.

ಆ ಒಗರು ಅವಳಿಗೆ ಗೊತ್ತು. ಇವತ್ತು ಬೆಳಗ್ಗೆಯೂ ಹಿತ್ತಲ ಜಗಲಿಯಲ್ಲಿ ಅದನ್ನು ಅಳೆದು ನೋಡಿದ್ದಳು. ಪುಸ್ತಕವನ್ನು ಬೆಳಕಿಗೆ ಹಿಡಿದಳು. ಪ್ರತಿ ಹಾಳೆಯ ಕೆಳಗಿನ ಮೂಲೆಯಲ್ಲೂ ಒಣಗಿದ ಅಂಟಿನ ಒಂದು ಹೆಬ್ಬೆರಳ ಗುರುತು, ಅಕ್ಷರಗಳಷ್ಟೇ ಸ್ಪಷ್ಟವಾಗಿ. ನೀರಿನ ಲೋಟವನ್ನೂ ಬಿಡದೆ ಬರೆದ ಮನುಷ್ಯ ಇದೊಂದನ್ನು ಬರೆದಿರಲಿಲ್ಲ. ಗೋಧಿಯೆಂದರೆ ತಿನ್ನುವುದು ಎಂದಷ್ಟೇ ಅವರಿಗೂ ಗೊತ್ತಿದ್ದದ್ದು, ಅವಳಿಗೂ ಗೊತ್ತಿದ್ದದ್ದು.

ಸೂಜಿಯಪ್ಪ ಬಂದಾಗ ಅವಳು ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು. "ಮಾತ್ರೆ ಬಿಟ್ಟು ಹೋಗಿತ್ತು" ಎಂದಳು. ಅವರು "ಹ್ಞೂಂ" ಎಂದು ಕೈ ಒರೆಸಿಕೊಂಡು ಕೆಲಸಕ್ಕೆ ಕೂತರು. ಬ್ರಷ್ಷು ಅಂಟಿಗೆ ಅದ್ದಿ ಕಂತೆಯ ಬೆನ್ನಿಗೆ ಬಳಿದರು, ಹೆಚ್ಚಾದದ್ದನ್ನು ಹೆಬ್ಬೆರಳಿನಿಂದ ಸವರಿ ತೆಗೆದರು, ಹಾಳೆ ಎಣಿಸಲು ಆ ಹೆಬ್ಬೆರಳನ್ನೇ ನಾಲಿಗೆಗೆ ಒಯ್ದರು. ಒಂದು. ಮತ್ತೆ ಬ್ರಷ್ಷು, ಮತ್ತೆ ಬೆರಳು, ಮತ್ತೆ ನಾಲಿಗೆ. ಒಂದು ಪುಸ್ತಕ ಮುಗಿಯುವುದರೊಳಗೆ ಅವಳು ಹದಿಮೂರು ಎಣಿಸಿದಳು. ದಿನಕ್ಕೆ ಹತ್ತು ಪುಸ್ತಕವಾದರೂ ಕಟ್ಟುತ್ತಾರೆ. ಮೂವತ್ತೊಂದು ವರ್ಷ ಇದನ್ನು ಕಣ್ಣೆದುರಿಗೇ ನೋಡಿದವಳಿಗೆ ಇವತ್ತಿನವರೆಗೆ ಕಂಡಿರಲಿಲ್ಲ.

ಹದಿನಾಲ್ಕನೆಯ ಸಲ ಬೆರಳು ಮೇಲೇಳುವಾಗ ಎದ್ದುಹೋಗಿ ಅದನ್ನು ಹಿಡಿದುಕೊಂಡಳು.

"ಇದು" ಎಂದಳು.

"ಏನು?"

"ನೀವು ತಿಂತಿರೋದು ಇದೇ ರೀ. ನನ್ನ ಅಂಟು. ಮೈದಾ ಅಂದ್ರೆ ಏನು, ಗೋಧಿ ಅಲ್ವಾ?"

ಅವರು ತಮ್ಮ ಹೆಬ್ಬೆರಳನ್ನು ಯಾರದೋ ವಸ್ತುವಿನ ಹಾಗೆ ತಿರುಗಿಸಿ ನೋಡಿದರು. "ಅಂಟು ಊಟ ಅಲ್ವಲ್ಲೇ" ಎಂದರು.

"ಅದು ನಿಮಗೆ ಗೊತ್ತು, ನನಗೆ ಗೊತ್ತು. ನಿಮ್ಮ ಕರುಳಿಗೆ ಯಾರು ಹೇಳಬೇಕು?" ಇಷ್ಟು ಹೇಳುವುದರೊಳಗೆ ಅವಳ ದನಿ ಒಡೆಯಿತು. "ನಾನೇ ಕಾಯಿಸಿ, ನಾನೇ ತುಂಬಿ, ಊಟದ ಪಕ್ಕದಲ್ಲೇ ಇಟ್ಟು ಕಳಿಸಿದ್ದೀನಿ. ದಿನಾ ಗೇಟಿನ ತನಕ ಬಂದು ಬೇರೆ ಕಳಿಸಿದ್ದೀನಿ. ಮೇಲಿಂದ ನಿಮ್ಮನ್ನೇ ಸುಳ್ಳುಗಾರ ಅಂದೆ. ತಪ್ಪಾಯ್ತು ರೀ."

ಅವಳು ಅಳುತ್ತಿದ್ದಳು, ಮೂಗು ಎಳೆದುಕೊಳ್ಳುತ್ತ, ಚಿಕ್ಕ ಮಕ್ಕಳು ಅಳುವ ಹಾಗೆ. ಸೂಜಿಯಪ್ಪ ಅವಳ ಕಣ್ಣೊರೆಸಲು ಕೈ ಚಾಚಿದವರು ಅಂಟು ನೋಡಿ ಹಿಂದಕ್ಕೆಳೆದುಕೊಂಡರು. ಮೂಲೆಯ ನಲ್ಲಿಗೆ ಹೋಗಿ ಸೋಪು ಹಚ್ಚಿ ಬೆರಳು ಬೆರಳಾಗಿ ತೊಳೆದು, ಒರೆಸಿಕೊಂಡು ಬಂದು, ಆಮೇಲೆ ಅವಳ ಕೆನ್ನೆ ಒರೆಸಿದರು.

"ಬೇಜಾರಾಗಿತ್ತು" ಎಂದರು. "ಇಲ್ಲ ಅಂದ್ರೆ ಸುಳ್ಳಾಗುತ್ತೆ. ಡಾಕ್ಟ್ರ ಮುಂದೆ ನೀನು ಇಲ್ಲ ಅಂತೀಯ ಅಂದ್ಕೊಂಡಿದ್ದೆ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಊಟದ ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಅನ್ನ ಹಾಕಿ ಅವರ ಮುಂದಿಟ್ಟಳು. "ಅರ್ಧ ಅಲ್ಲ, ಪೂರ್ತಿ" ಎಂದಳು. ಪುಸ್ತಕ ಓದಿಬಿಟ್ಟಿದ್ದಾಳೆಂದು ಆಗ ಅವರಿಗೆ ತಿಳಿಯಿತು. ಕಿವಿ ಕೆಂಪು ಮಾಡಿಕೊಂಡು ಉಂಡರು, ಮುಚ್ಚಳದಿಂದ ತಲೆಯೆತ್ತದೆ.

ಮಾರನೆಯ ದಿನದಿಂದ ದಾರದಮ್ಮ ಅಕ್ಕಿ ಹಿಟ್ಟಿನ ಅಂಟಿಗೆ ಕೈ ಹಾಕಿದಳು. ಹೇಳಿದಷ್ಟು ಸುಲಭವಿರಲಿಲ್ಲ. ಮೊದಲನೆಯದು ಒಣಗಿದ ಮೇಲೆ ಬಿರುಕು ಬಿಟ್ಟಿತು. ಎರಡನೆಯದು ನೀರಾಗಿ ಬಟ್ಟೆಯಿಂದಾಚೆ ಇಣುಕಿತು. ಮೂರನೆಯದು ಎರಡು ದಿನಕ್ಕೇ ಹಳಸಿ, ಬೇಕರಿಯವನು ಗೋಡೆಯಾಚೆಯಿಂದ ಮೂಗು ಮುಚ್ಚಿಕೊಂಡು ಬಂದ. ಹಿಟ್ಟನ್ನು ಒಂದಿಡೀ ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎರಡು ಸಲ ಕಾಯಿಸಿದ ಮೇಲೆ ಏಳನೆಯದು ನಿಂತಿತು, ಹಳೆಯದಕ್ಕಿಂತ ಬೆಳ್ಳಗೆ, ಗಾಜಿನಂತೆ ನುಣ್ಣಗೆ. ಹೆಬ್ಬೆರಳಿನ ಪಾಠ ಇದಕ್ಕಿಂತ ಕಷ್ಟವಾಯಿತು. ಮೇಜಿನ ಮೇಲೆ ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟರೂ ಬೆರಳು ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಹಳೆಯ ಪುಸ್ತಕಗಳು ರಿಪೇರಿಗೆ ಬರುತ್ತವೆ, ಅವುಗಳ ಬೆನ್ನಿನಲ್ಲೆಲ್ಲ ಮೈದಾ. ಹಾಗಾಗಿ ಒಂದು ತಿಂಗಳು ದಾರದಮ್ಮ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಬೆರಳು ಎದ್ದಾಗೆಲ್ಲ "ಹ್ಞೂಂ" ಎಂದಳು. ದಿನಕ್ಕೆ ನೂರು ಹ್ಞೂಂ ಇದ್ದದ್ದು ಹತ್ತಕ್ಕಿಳಿಯಿತು, ಆಮೇಲೆ ಒಂದೆರಡಕ್ಕೆ. ಉಳಿದ ಹೊತ್ತಿಗೆಲ್ಲ ಮಾತಿತ್ತು, ಹದಿನೈದು ದಿನದ ಬಾಕಿಯೂ ಸೇರಿ.

ನಾಲ್ಕು ತಿಂಗಳ ಮೇಲೆ ಮತ್ತೆ ಆಸ್ಪತ್ರೆಗೆ ಹೋದರು. ಡಾಕ್ಟರು ಕಾಗದ ನೋಡಿ ಹುಬ್ಬೇರಿಸಿದಳು. ಅಂಕಿ ಮೂವತ್ತೆರಡಕ್ಕೆ ಇಳಿದಿತ್ತು.

"ಬಹಳ ಒಳ್ಳೇದಾಯ್ತು. ಅಂತೂ ಹೊರಗಡೆ ತಿನ್ನೋದು ಬಿಟ್ರಲ್ಲ" ಎಂದು ಸೂಜಿಯಪ್ಪನ ಕಡೆ ನೋಡಿ ನಕ್ಕಳು.

ಸೂಜಿಯಪ್ಪ ಬಾಯಿ ತೆರೆಯುವ ಮೊದಲೇ ದಾರದಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಇಲ್ಲ ಡಾಕ್ಟ್ರೇ. ಇವರು ಹೊರಗೆ ಯಾವತ್ತೂ ತಿಂದಿಲ್ಲ. ಮನೆಯದೇ ತಿಂತಿದ್ರು, ನಾನೇ ಕಟ್ಟಿ ಕಳಿಸ್ತಿದ್ದೆ." ಆಮೇಲೆ ಅಂಟಿನ ಕಥೆಯನ್ನು ಆರಂಭದಿಂದ ಕೊನೆಯವರೆಗೆ, ಪಟಿಕವನ್ನೂ ಬಿಡದೆ ಹೇಳಿದಳು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಮುಗಿಸಿ, ಬೆರಳಿನಿಂದ ಫೈಲು ತೋರಿಸಿದಳು. "ಹೋದ ಸಲ ಅದರಲ್ಲಿ ಒಂದು ಸಾಲು ಬರೆದಿದ್ರಿ. ಅದನ್ನ ಹೊಡೆದುಹಾಕಿ. ಆವತ್ತು ನಾನು ಹೇಳಬೇಕಿತ್ತು, ಹೇಳಲಿಲ್ಲ."

ಡಾಕ್ಟರು ಅವಳನ್ನೊಮ್ಮೆ ಅವರನ್ನೊಮ್ಮೆ ನೋಡಿದಳು. ಆ ಪುಟ ಹುಡುಕಿ, ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ ಫೈಲನ್ನು ಸೂಜಿಯಪ್ಪನ ಮುಂದೆ ಸರಿಸಿದಳು. ಅವರ ಹೆಬ್ಬೆರಳು ಮೇಲೆದ್ದು ಗಲ್ಲದ ಹತ್ತಿರ ನಿಂತಿತು. ದಾರದಮ್ಮ ಆ ಕಡೆ ನೋಡದೆಯೇ ತನ್ನ ಚೀಲದಿಂದ ಸ್ಪಂಜಿನ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅವರು ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು. ಗೆರೆ ಎಳೆದ ಸಾಲನ್ನು ಎರಡು ಸಲ ಓದಿದರು.

ಆಮೇಲೆ ಫೈಲನ್ನು ಮುಚ್ಚಿ, ತಿರುಗಿಸಿ, ಹರಿದುಹೋಗಿದ್ದ ಅದರ ಬೆನ್ನಿನ ಮೇಲೆ ಬೆರಳಾಡಿಸಿದರು.

"ಇದು ಬಿಚ್ಚಿ ಹೋಗ್ತಿದೆಯಲ್ಲಮ್ಮ" ಎಂದರು ಡಾಕ್ಟರಿಗೆ. "ಮುಂದಿನ ಸಲ ಬರುವಾಗ ಕಟ್ಟಿ ತರ್ತೀನಿ, ಕೊಡಿ. ಅಂಟು ಇವಳೇ ಮಾಡೋದು. ಒಂದು ಗಂಟೂ ಇರಲ್ಲ."